ಲೋವರಿಂಗ್ ಸ್ಪ್ರಿಂಗ್ ಸಾಕೇ, ಕಾಯಿಲೋವರ್ ಬೇಕೇ? ಪೋಲೋ ಇಳಿಸುವ ಮುನ್ನ ಸಲಹೆ ಕೊಡಿ

ಕೆಂಪು ಪೋಲೋ, ಬನಶಂಕರಿ

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಪೋಲೋ ಜಿಟಿ ಟಿಎಸ್‌ಐ, 70,000 ಕಿ.ಮೀ. ದಾಟಿದೆ. ಎಂಜಿನ್ ಚೆನ್ನಾಗಿದೆ, ಆದರೆ ಹಿಂದಿನ ಎಡಗಡೆಯ ಶಾಕ್ ಅಬ್ಸಾರ್ಬರ್‌ನಲ್ಲಿ ಎಣ್ಣೆ ಜಿನುಗುತ್ತಿದೆ. ಹೇಗೂ ಬಿಚ್ಚಲೇಬೇಕು, ಬಿಚ್ಚಿದಾಗಲೇ ಕಾರನ್ನು 30 ಮಿ.ಮೀ.ನಷ್ಟು ಇಳಿಸಿಬಿಡೋಣ ಎಂಬ ಆಸೆ. ಟೈರಿಗೂ ಫೆಂಡರ್‌ಗೂ ನಡುವೆ ಅಷ್ಟು ಖಾಲಿ ಜಾಗ ಕಂಡರೆ ನನಗೆ ಸಹಿಸಲಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಘಾಟಿಯ ತಿರುವುಗಳಲ್ಲಿ ಕಾರು ವಾಲುವುದು ಕಡಿಮೆಯಾಗಬೇಕು.

ಒಂದು ಗ್ಯಾರೇಜಿನವರು ಇರುವ ಶಾಕ್‌ಗಳ ಮೇಲೆಯೇ ಲೋವರಿಂಗ್ ಸ್ಪ್ರಿಂಗ್ (ಕಾರನ್ನು ಇಳಿಸುವ ಗಿಡ್ಡ, ಗಡಸು ಸ್ಪ್ರಿಂಗ್) ಹಾಕಿದರೆ ಸಾಕು, ಮೂವತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ ಎನ್ನುತ್ತಾರೆ. ಇನ್ನೊಬ್ಬರು ಕಾಯಿಲೋವರ್ (ಎತ್ತರ ಹೊಂದಿಸಬಲ್ಲ ಸ್ಪ್ರಿಂಗ್, ಶಾಕ್‌ಗಳ ಸೆಟ್) ಹಾಕಿಸಿ, ಲಕ್ಷದ ಮೇಲಾಗುತ್ತದೆ, ಆದರೆ ಎತ್ತರವನ್ನು ಬೇಕಾದಂತೆ ಏರಿಸಿ ಇಳಿಸಬಹುದು ಎನ್ನುತ್ತಾರೆ. ವಾರವೆಲ್ಲ ಬೆಂಗಳೂರಿನ ಓಡಾಟ, ಆಗಾಗ ಶಿರಾಡಿ ಮೂಲಕ ಮಂಗಳೂರು. ಊರಿಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ಅಪ್ಪ, ಅಮ್ಮ ಇರುತ್ತಾರೆ. ಯಾವುದು ಸರಿ?

ಅರಸೀಕೆರೆ ಜಂಕ್ಷನ್

ಅಪ್ಪ, ಅಮ್ಮನನ್ನು ಕೇಳಿದಿರಾ?

ಶಿರಾಡಿ ತಿರುವು, ಸಕಲೇಶಪುರ

ನನ್ನ ಪೋಲೋದಲ್ಲಿ ಕೆಲವು ವರ್ಷಗಳಿಂದ ಲೋವರಿಂಗ್ ಸ್ಪ್ರಿಂಗ್ ಇದೆ, ಇಳಿತ ಸುಮಾರು 25 ಮಿ.ಮೀ. ನಮ್ಮ ಕಡೆಯ ರಸ್ತೆ ಹೇಗಿದೆ ಎಂದು ಮಳೆಗಾಲದಲ್ಲಿ ಬಂದವರಿಗೆ ಗೊತ್ತು, ಆದರೂ ಸ್ಪ್ರಿಂಗ್ ತೆಗೆಸಬೇಕು ಎಂದು ನನಗೆ ಅನಿಸಿಲ್ಲ. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದೊಡನೆ ಕಾರು ಮಾತು ಕೇಳುತ್ತದೆ. ಒಂದೇ ಒಂದು ಷರತ್ತು: ಹಳೆಯ ಶಾಕ್‌ಗಳ ಮೇಲೆ ಹೊಸ ಸ್ಪ್ರಿಂಗ್ ಹಾಕಿಸಬೇಡಿ. ಎಣ್ಣೆ ಜಿನುಗುತ್ತಿರುವ ಶಾಕ್ ಈಗಾಗಲೇ ಅರ್ಧ ಸತ್ತಂತೆ. ಅದರ ಮೇಲೆ ಗಟ್ಟಿ ಸ್ಪ್ರಿಂಗ್ ಕೂರಿಸಿದರೆ ಕಾರು ಕುಣಿಯುತ್ತದೆ, ನೀವು ದೂರುವುದು ಮಾತ್ರ ಸ್ಪ್ರಿಂಗನ್ನು.

ನಾಲ್ಕೂ ಶಾಕ್ ಹೊಸದು, ಜೊತೆಗೆ ಟಾಪ್ ಮೌಂಟ್, ಬಂಪ್ ಸ್ಟಾಪ್ (ಚಕ್ರ ಮೇಲಕ್ಕೆ ಬಂದು ತಾಗುವಾಗ ಕೊನೆಯಲ್ಲಿ ತಡೆಯುವ ಮೆತ್ತೆ), ಡಸ್ಟ್ ಕವರ್ ಕೂಡ ಹೊಸದು. ಆ ಲೆಕ್ಕ ಸೇರಿಸಿದರೆ ಮೂವತ್ತು ಸಾವಿರದ ಮಾತು ಅಲ್ಲಿಗೆ ಮುಗಿಯಿತು.

ಜೆ.ಸಿ. ರಸ್ತೆ

ಹಾಗಿದ್ದರೆ ಕಾಯಿಲೋವರ್‌ಗೂ ಇದಕ್ಕೂ ವ್ಯತ್ಯಾಸ ಎಷ್ಟು ಉಳಿಯಿತು ಸರ್? ಒಳ್ಳೆಯ ಸ್ಪ್ರಿಂಗ್, ಒಳ್ಳೆಯ ಶಾಕ್, ಎಲ್ಲ ಬಿಡಿಭಾಗ, ಕೂಲಿ, ಅಲೈನ್‌ಮೆಂಟ್ ಸೇರಿಸಿದರೆ ಕಾಯಿಲೋವರ್ ಹತ್ತಿರಕ್ಕೇ ಬಂದಿರಿ. ಕಾಯಿಲೋವರ್‌ನಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಒಂದಕ್ಕೊಂದು ಹೊಂದುವಂತೆ ಒಬ್ಬರೇ ತಯಾರಿಸಿರುತ್ತಾರೆ. 30 ಇಷ್ಟವಾಗದಿದ್ದರೆ 20ಕ್ಕೆ ಏರಿಸಿಕೊಳ್ಳಿ. ಸ್ಪ್ರಿಂಗ್‌ನಲ್ಲಿ ಆ ಅವಕಾಶವೇ ಇಲ್ಲ. ತಯಾರಕರು 30 ಎಂದರೆ 30, ಕೆಲವೊಮ್ಮೆ ಕೆಲವು ತಿಂಗಳಲ್ಲಿ ಇನ್ನೂ ಸ್ವಲ್ಪ ಕುಸಿಯುತ್ತದೆ.

‘ಕಾಯಿಲೋವರ್ ಎಂದರೆ ಬೆನ್ನು ಮುರಿಯುವುದು’ ಎಂಬ ಮಾತು ಅಗ್ಗದ ಸೆಟ್‌ಗಳಿಂದ ಬಂದದ್ದು. ಬಿಲ್‌ಸ್ಟೈನ್ ಬಿ14, ಕೆಡಬ್ಲ್ಯೂ ವೇರಿಯಂಟ್ 1 ರಸ್ತೆಗಾಗಿಯೇ ಮಾಡಿದವು. ಎರಡರಲ್ಲೂ ಡ್ಯಾಂಪಿಂಗ್ (ಸ್ಪ್ರಿಂಗ್‌ನ ಕುಣಿತವನ್ನು ಶಾಕ್ ತಡೆಯುವ ಬಲ) ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ, ತಿರುಗಿಸಲು ಗುಂಡಿ ಇಲ್ಲ. ರಸ್ತೆ ಕಾರಿಗೆ ಅದೇ ಒಳ್ಳೆಯದು.

ಗಣಿತಪ್ರಿಯ, ಮೈಸೂರು

ಇಬ್ಬರೂ ಶಾಕ್ ವಿಷಯದಲ್ಲಿ ಸರಿಯಾಗಿಯೇ ಹೇಳಿದ್ದೀರಿ, ಆದರೆ ಮೂಲ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. ಪೇಟೆಯಲ್ಲಿ ಸಿಗುವ ಲೋವರಿಂಗ್ ಸ್ಪ್ರಿಂಗ್ ಮೂಲ ಸ್ಪ್ರಿಂಗ್‌ಗಿಂತ ಶೇ. 30ರಷ್ಟು ಗಡಸು ಎಂದುಕೊಳ್ಳಿ. ಕಾರು ಮೇಲೆ ಕೆಳಗೆ ಆಡುವ ಸಹಜ ವೇಗ ಗಡಸುತನದ ವರ್ಗಮೂಲದಂತೆ ಏರುತ್ತದೆ, ಅಂದರೆ ಶೇ. 14ರಷ್ಟು ಮಾತ್ರ. ಹೊಸ ಶಾಕ್ ಈ ಹೆಚ್ಚಳವನ್ನು ಹೇಗಾದರೂ ನಿಭಾಯಿಸುತ್ತದೆ. ನಿಜವಾದ ತೊಂದರೆ ಬೇರೆ ಕಡೆ ಇದೆ.

ಕಾರು ನಿಂತಾಗ ಬಂಪ್ ಸ್ಟಾಪ್ ಮುಟ್ಟುವುದಕ್ಕೆ ಮೊದಲು ಚಕ್ರಕ್ಕೆ 60 ಮಿ.ಮೀ. ಮೇಲಕ್ಕೆ ಹೋಗಲು ಜಾಗವಿದೆ ಎಂದು ಭಾವಿಸಿ. ಇದು ನಿಮ್ಮ ಕಾರಿನ ಅಳತೆಯಲ್ಲ, ಲೆಕ್ಕಕ್ಕಾಗಿ ತೆಗೆದುಕೊಂಡದ್ದು. 30 ಇಳಿಸಿದರೆ ಅರ್ಧ ಜಾಗ ಹೋಯಿತು. ಸ್ಪ್ರಿಂಗ್ ಹೀರುವ ಶಕ್ತಿ ದೂರದ ವರ್ಗಕ್ಕೆ ಅನುಗುಣ. ಅದೇ ಏಟನ್ನು ಅರ್ಧ ದೂರದಲ್ಲಿ ತಡೆಯಬೇಕಾದರೆ ಸ್ಪ್ರಿಂಗ್ ನಾಲ್ಕು ಪಟ್ಟು ಗಡಸಾಗಿರಬೇಕು. ನಿಮಗೆ ಸಿಕ್ಕಿರುವುದು 1.3 ಪಟ್ಟು. ಉಳಿದ ಕೆಲಸವನ್ನು ಬಂಪ್ ಸ್ಟಾಪ್ ಮಾಡುತ್ತದೆ. ಗುಂಡಿಗೆ ಬಿದ್ದಾಗ ‘ಧಡ್’ ಎನ್ನುವ ಆ ಏಟು ಅದರದ್ದೇ.

ಹಾಗಾಗಿ ಸ್ಪ್ರಿಂಗೋ ಕಾಯಿಲೋವರೋ ಎನ್ನುವುದಕ್ಕಿಂತ ಮೊದಲು, ಇಳಿಸಿದ ಮೇಲೆ ಚಕ್ರಕ್ಕೆ ಎಷ್ಟು ಜಾಗ ಉಳಿಯುತ್ತದೆ ಎಂದು ಕೇಳಿ. ಒಳ್ಳೆಯ ಕಾಯಿಲೋವರ್‌ನಲ್ಲಿ ಶಾಕ್ ಗಿಡ್ಡವಾಗಿರುತ್ತದೆ, ಬಂಪ್ ಸ್ಟಾಪ್ ಕೂಡ ಆ ಎತ್ತರಕ್ಕೆ ಹೊಂದುವಂತಿರುತ್ತದೆ. ನೀವು ಕೊಡುವ ಹೆಚ್ಚಿನ ಹಣದ ಬಹುಪಾಲು ಇದಕ್ಕೇ ಹೋಗುತ್ತದೆ.

ಶಿರಾಡಿ ತಿರುವು, ಸಕಲೇಶಪುರ

ಲೆಕ್ಕ ಒಪ್ಪುತ್ತೇನೆ ಗಣಿತಪ್ರಿಯ ಅವರೇ. ಆದರೆ ಮೊದಲು ಮೆತ್ತಗಿದ್ದು ಒತ್ತಿದಂತೆ ಗಡಸಾಗುವ ಪ್ರೊಗ್ರೆಸಿವ್ ಸ್ಪ್ರಿಂಗ್‌ಗಳನ್ನು ನೀವು ಬಿಟ್ಟಿರಿ. ಅಲ್ಲಿ ಒಂದೇ ಸಂಖ್ಯೆ ಹಿಡಿದು ಹೇಳಲಾಗುವುದಿಲ್ಲ. ಇಂದಿನ ಪಾಲಿಯುರೆಥೇನ್ ಬಂಪ್ ಸ್ಟಾಪ್‌ಗಳೂ ಕಲ್ಲಲ್ಲ, ನಿಧಾನವಾಗಿ ಗಡಸಾಗುವ ಸ್ಪ್ರಿಂಗ್‌ನಂತೆಯೇ ಕೆಲಸ ಮಾಡುತ್ತವೆ.

ಗಣಿತಪ್ರಿಯ, ಮೈಸೂರು

ಸರಿ, ಆದರೆ ತಿರುವಿನ ನಡುವೆ ಹೊರಗಿನ ಚಕ್ರ ಬಂಪ್ ಸ್ಟಾಪ್ ಮೇಲೆ ಕುಳಿತರೆ ಆ ಮೂಲೆಯ ಗಡಸುತನ ಒಮ್ಮೆಲೇ ಏರುತ್ತದೆ, ಟೈರಿನ ಹಿಡಿತ ಅಲ್ಲಿಯೇ ಕಡಿಮೆಯಾಗುತ್ತದೆ. ಶಿರಾಡಿಯ ಒದ್ದೆ ರಸ್ತೆಯಲ್ಲಿ ಅದು ಸಣ್ಣ ವಿಷಯವಲ್ಲ.

ಇನ್ನೊಂದು ಸಂಗತಿಯನ್ನೂ ಸೇರಿಸುತ್ತೇನೆ. ಪೋಲೋದ ಮುಂಭಾಗ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಕಂಬದಂತೆ ಸೇರಿರುವ ಜೋಡಣೆ. ಕಾರನ್ನು ತುಂಬಾ ಇಳಿಸಿದರೆ ಚಕ್ರವನ್ನು ಕಾರಿಗೆ ಜೋಡಿಸುವ ಕೆಳಗಿನ ಆರ್ಮ್‌ನ ಹೊರತುದಿ ಒಳತುದಿಗಿಂತ ಮೇಲಕ್ಕೆ ಹೋಗುತ್ತದೆ. ಆಗ ಕಾರಿನ ಗುರುತ್ವ ಕೇಂದ್ರ ಇಳಿಯುವುದಕ್ಕಿಂತ ವೇಗವಾಗಿ ರೋಲ್ ಸೆಂಟರ್ (ಕಾರು ವಾಲುವಾಗ ಯಾವ ಬಿಂದುವಿನ ಸುತ್ತ ತಿರುಗುತ್ತದೋ ಅದು) ಇಳಿಯುತ್ತದೆ. ಇವೆರಡರ ನಡುವಿನ ಅಂತರ ಹೆಚ್ಚಾದಷ್ಟೂ ವಾಲಿಸುವ ಬಲ ಹೆಚ್ಚು. ಇಳಿಸಿದಷ್ಟೂ ವಾಲುವುದು ಕಡಿಮೆ ಎಂಬ ನಂಬಿಕೆಯನ್ನು ಬಿಡಿ. ಇಳಿಸಿದ ಕಾರು ಕಡಿಮೆ ವಾಲಿದರೆ ಅದಕ್ಕೆ ಮುಖ್ಯ ಕಾರಣ ಗಡಸು ಸ್ಪ್ರಿಂಗ್.

ಹುಬ್ಬಳ್ಳಿ ಎಕ್ಸ್‌ಪ್ರೆಸ್

ಇಷ್ಟೆಲ್ಲ ಲೆಕ್ಕ ಏಕೆ? ಇರುವ ಸ್ಪ್ರಿಂಗ್‌ನಲ್ಲಿ ಒಂದು ಸುತ್ತು ಕತ್ತರಿಸಿದರೆ ಇಳಿಯುತ್ತದೆ, ನಮ್ಮ ಕಡೆ ಬಹಳ ಜನ ಹಾಗೆಯೇ ಮಾಡಿಸುತ್ತಾರೆ. ಖರ್ಚು ಒಂದೆರಡು ಸಾವಿರ.

ಜೆ.ಸಿ. ರಸ್ತೆ

ದಯವಿಟ್ಟು ಈ ಸಲಹೆಯನ್ನು ಯಾರೂ ಪಾಲಿಸಬೇಡಿ. ಸ್ಪ್ರಿಂಗ್‌ನ ತುದಿಯ ಸುತ್ತನ್ನು ಸೀಟಿನಲ್ಲಿ ಸರಿಯಾಗಿ ಕೂರುವಂತೆ ಮಾಡಿರುತ್ತಾರೆ. ಕತ್ತರಿಸಿದ ತುದಿ ಹಾಗೆ ಕೂರುವುದಿಲ್ಲ. ಹಂಪ್ ದಾಟಿ ಚಕ್ರ ಕೆಳಗೆ ಜೋತುಬಿದ್ದಾಗ ಗಿಡ್ಡ ಸ್ಪ್ರಿಂಗ್ ಸಡಿಲವಾಗಿ ಸೀಟಿನಿಂದಲೇ ಜಾರಬಹುದು. ಮತ್ತೆ ಚಕ್ರ ಮೇಲಕ್ಕೆ ಬರುವಾಗ ಅದು ಓರೆಯಾಗಿ ಸಿಕ್ಕಿಕೊಂಡು ಟೈರಿಗೆ ತಾಗಿದರೆ? ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಕುಗ್ಗಿಸುವವರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು, ಉಕ್ಕಿನ ಹದವೇ ಹೋಗುತ್ತದೆ, ಎಂದು ಮುರಿಯುತ್ತದೆ ಎಂದು ಹೇಳಲಾಗುವುದಿಲ್ಲ.

ಹುಬ್ಬಳ್ಳಿ ಎಕ್ಸ್‌ಪ್ರೆಸ್

ಕತ್ತರಿಸಿದರೆ ಗಡಸೂ ಆಗುತ್ತದಲ್ಲ ಅಣ್ಣ, ಸುತ್ತು ಕಡಿಮೆಯಾದಷ್ಟೂ ಗಡಸು ಎಂದು ಪುಸ್ತಕದಲ್ಲೇ ಇದೆ.

ಜೆ.ಸಿ. ರಸ್ತೆ

ಗಡಸಾಗುವುದು ನಿಜ. ಸುರಕ್ಷಿತವಾಗಿ ಕೂರುವುದಿಲ್ಲ ಎಂಬುದೂ ಅಷ್ಟೇ ನಿಜ. ಬೇರೆ ಏನನ್ನಾದರೂ ಉಳಿಸಿ, ಇದರಲ್ಲಿ ಬೇಡ.

ಅರಸೀಕೆರೆ ಜಂಕ್ಷನ್

ಹಂಪ್‌ಗಳ ಮಾತು ಯಾರೂ ಎತ್ತಿಲ್ಲ. ಪೋಲೋದ ಗ್ರೌಂಡ್ ಕ್ಲಿಯರೆನ್ಸ್ 165 ಮಿ.ಮೀ. ತಾನೇ? 30 ಕಳೆದರೆ 135. ಬೆಂಗಳೂರಿನಲ್ಲಿ ಹೊಟ್ಟೆ ಉಜ್ಜದೆ ಓಡಾಡಲು ಸಾಧ್ಯವೇ?

ಗಣಿತಪ್ರಿಯ, ಮೈಸೂರು

ನಿಯಮದ ಹಂಪ್ ಆದರೆ ಧಾರಾಳವಾಗಿ ಸಾಧ್ಯ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ಮಾರ್ಗಸೂಚಿ ಹೇಳುವ ಹಂಪ್ 3.7 ಮೀ. ಅಗಲ, 10 ಸೆಂ.ಮೀ. ಎತ್ತರ, 17 ಮೀ. ತ್ರಿಜ್ಯದ ಕಮಾನು. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು ಮಾಡಿದ್ದು. ಪೋಲೋದ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವಿನ ದೂರ, ಸುಮಾರು 2.47 ಮೀ. ಎರಡೂ ಆಕ್ಸಲ್ ಆ ಕಮಾನಿನ ಮೇಲೆಯೇ ಇದ್ದಾಗ ನಡುವಿನ ಉಬ್ಬು ಕಾರಿನ ಹೊಟ್ಟೆಯ ಕಡೆಗೆ ಏರುವುದು 45 ಮಿ.ಮೀ. ಮಾತ್ರ. 135 ಇರುವ ಕಾರಿಗೆ ಇನ್ನೂ 90 ಉಳಿಯುತ್ತದೆ.

ನಮ್ಮ ಬಡಾವಣೆಗಳಲ್ಲಿರುವುದು ಆ ಹಂಪ್ ಅಲ್ಲವಲ್ಲ. ಒಂದು ರಾತ್ರಿಯಲ್ಲಿ ಕಾಂಕ್ರೀಟ್ ಸುರಿದು ಮಾಡಿದ ಗಿಡ್ಡ ದಿಣ್ಣೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಪೂರ್ತಿ ಹಿಡಿಯುತ್ತದೆ. ಅದರ ಎತ್ತರ 15 ಸೆಂ.ಮೀ. ಇದ್ದರೆ ಅಷ್ಟೂ ಹೊಟ್ಟೆಯ ಕಡೆಗೇ ಬರುತ್ತದೆ. 165ರ ಕಾರು ಕೂದಲೆಳೆಯಲ್ಲಿ ಪಾರಾಗುತ್ತದೆ, 135ರ ಕಾರು ಉಜ್ಜುತ್ತದೆ. ಐದು ಜನ ಕುಳಿತಾಗ 165ರದ್ದೂ ಉಜ್ಜುತ್ತದೆ.

ಪಡುಬಿದ್ರಿ ಕಡಲು

ಬಣ್ಣ ಬಳಿಯದ, ಫಲಕ ಇಲ್ಲದ ಹಂಪ್‌ಗಳ ಬಗ್ಗೆ ಬೇರೆ ಚರ್ಚೆಯನ್ನೇ ಮಾಡಬೇಕು. ರಾತ್ರಿ ಬೈಕಿನಲ್ಲಿ ಬರುವವರ ಪ್ರಾಣವೇ ಹೋಗುತ್ತಿದೆ. ಇದು ನನಗೆ ಕಾರಿನ ಹೊಟ್ಟೆಗಿಂತ ದೊಡ್ಡ ವಿಷಯ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಾರು ಆಗಾಗ ಮಂಗಳೂರಿಗೆ ಬರುತ್ತದೆ ಎಂದಿರಿ. ಕರಾವಳಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಕೆಂಪು ಮಣ್ಣು ಸೇರಿದರೆ ಕಾಯಿಲೋವರ್‌ನ ಥ್ರೆಡ್ ಹಿಡಿದುಕೊಳ್ಳುತ್ತದೆ. ನನ್ನ ತಮ್ಮನ ಕಾರಿನಲ್ಲಿ ಎತ್ತರ ಬದಲಿಸಲು ಹೋದಾಗ ಅಲ್ಯೂಮಿನಿಯಂ ರಿಂಗ್ ಅಲುಗಾಡಲಿಲ್ಲ, ಕೊನೆಗೆ ಕೊಯ್ದು ತೆಗೆಯಬೇಕಾಯಿತು. ಏರಿಸಿ ಇಳಿಸುವ ಸೌಲಭ್ಯಕ್ಕೆ ಹಣ ಕೊಟ್ಟು ಅದೇ ಕೆಲಸಕ್ಕೆ ಬಾರದಿದ್ದರೆ ಏನು ಬಂತು? ಕೆಡಬ್ಲ್ಯೂನ ಸ್ಟೇನ್‌ಲೆಸ್ ಸ್ಟೀಲ್ ಬಾಡಿ ಇರುವ ಸೆಟ್ ತೆಗೆದುಕೊಳ್ಳಿ, ಇಲ್ಲವಾದರೆ ಮಳೆಗಾಲ ಮುಗಿದ ಕೂಡಲೇ ಥ್ರೆಡ್ ತೊಳೆದು, ಬ್ರಶ್ ಮಾಡಿ, ತುಕ್ಕು ತಡೆಯುವ ಸ್ಪ್ರೇ ಹೊಡೆಯುವ ಶ್ರಮ ಬೇಕು. ಮಾಮೂಲಿ ಸ್ಪ್ರಿಂಗ್‌ಗೆ ಈ ಗೋಜಿಲ್ಲ.

ಧೂಳು ಮತ್ತು ಕಾಫಿ, ಚಿಕ್ಕಮಗಳೂರು

ನಮ್ಮ ಊರಿನಲ್ಲಿ ರ‍್ಯಾಲಿ ನೋಡಿದವರು ಒಂದು ಸಂಗತಿ ಗಮನಿಸಿರುತ್ತಾರೆ. ತೋಟದ ಕಚ್ಚಾ ರಸ್ತೆಯಲ್ಲಿ ಓಡುವ ಕಾರುಗಳನ್ನು ಯಾರೂ ಇಳಿಸುವುದಿಲ್ಲ, ಏರಿಸುತ್ತಾರೆ. ವೇಗವಾಗಿ ಹೋಗಬೇಕಾದವರಿಗೇ ಚಕ್ರ ಆಡಲು ಹೆಚ್ಚು ಜಾಗ ಬೇಕು. ಟ್ರ್ಯಾಕ್ ಬೇರೆ ಕಥೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇಯಂಥ ನುಣುಪಾದ ಡಾಂಬರಿನ ಮೇಲೆ ಇಳಿಸಿದ ಕಾರು ಚೆನ್ನ. ನಿಮ್ಮ ರಸ್ತೆ ಇವೆರಡರಲ್ಲಿ ಯಾವುದಕ್ಕೆ ಹತ್ತಿರ? ನನ್ನ ಮಟ್ಟಿಗೆ ಶಿರಾಡಿ ಟ್ರ್ಯಾಕ್ ಅಲ್ಲ.

ಎತ್ತರ ಹಾಗೆಯೇ ಇರಲಿ, ಒಳ್ಳೆಯ ಮೋನೋಟ್ಯೂಬ್ (ಒಂದೇ ಕೊಳವೆಯ) ಶಾಕ್ ಹಾಕಿಸಿ, ಒಳ್ಳೆಯ ಟೈರ್ ಹಾಕಿಸಿ. ಘಾಟಿಯಲ್ಲಿ ನಿಮಗೆ ಬೇಕಾದದ್ದರ ಮುಕ್ಕಾಲು ಭಾಗ ಅಲ್ಲಿಯೇ ಸಿಗುತ್ತದೆ.

ಹುಬ್ಬಳ್ಳಿ ಎಕ್ಸ್‌ಪ್ರೆಸ್

ಟೈರ್ ಮಾತು ನೂರಕ್ಕೆ ನೂರು ಸರಿ. ನನ್ನ ಹಳೆಯ ಪುಂಟೊದಲ್ಲಿ ಟೈರ್ ಬದಲಿಸಿದ ದಿನ ಬೇರೆ ಕಾರೇ ಓಡಿಸಿದಂತಾಯಿತು. ಫಿಯೆಟ್‌ನವರು ನಮ್ಮ ರಸ್ತೆಗೆ ಹದವಾದ ಸಸ್ಪೆನ್ಷನ್ ಕೊಟ್ಟಿದ್ದರು. ಆ ಕಾರುಗಳು ಹೋದದ್ದು ನನಗೆ ಇಂದಿಗೂ ನೋವು.

ಪಡುಬಿದ್ರಿ ಕಡಲು

ಪುಂಟೊ ಎಂದರೆ ನನಗೂ ಪ್ರೀತಿ. ಬಿಡಿಭಾಗ ಹುಡುಕುವುದು ಮಾತ್ರ ಈಗ ತಪಸ್ಸು.

ಕಾನೂನು ಕಣ್ಣು, ದಾವಣಗೆರೆ

ಯಾರೂ ಕಾನೂನಿನ ಮಾತು ಆಡದಿರುವುದು ಆಶ್ಚರ್ಯ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು. ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನ ಬದಲಿಸಬಾರದು. 2019ರ ಜನವರಿಯಲ್ಲಿ ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ.

ಜೆ.ಸಿ. ರಸ್ತೆ

ಸ್ಪ್ರಿಂಗ್‌ನ ಎತ್ತರ ಆರ್‌ಸಿಯಲ್ಲಿ ಎಲ್ಲಿದೆ? 52ನೇ ಕಲಂ ಹೇಳುವುದು ನೋಂದಣಿ ಪತ್ರದಲ್ಲಿರುವ ವಿವರಗಳ ಬಗ್ಗೆ. ಬಣ್ಣ, ಎಂಜಿನ್, ಸೀಟುಗಳ ಸಂಖ್ಯೆ, ವೀಲ್‌ಬೇಸ್ ಅದರಲ್ಲಿವೆ. ಸ್ಪ್ರಿಂಗ್ ಇಲ್ಲ.

ಕಾನೂನು ಕಣ್ಣು, ದಾವಣಗೆರೆ

ನಿಮ್ಮ ವಾದವನ್ನು ನ್ಯಾಯಾಲಯದಲ್ಲಿ ಮಂಡಿಸಬಹುದು, ರಸ್ತೆಯಲ್ಲಿ ನಿಲ್ಲಿಸಿದ ಅಧಿಕಾರಿಯ ಮುಂದೆ ಅಲ್ಲ. ನನಗೆ ಹೆಚ್ಚಿನ ಚಿಂತೆ ವಿಮೆಯದ್ದು. ಮಾರ್ಪಾಡು ತಿಳಿಸದೆ ಇದ್ದರೆ, ಅಪಘಾತವಾದ ದಿನ ಸರ್ವೇಯರ್ ಕಾರಿನ ಕೆಳಗೆ ಬಗ್ಗಿ ನೋಡಿ ಪರಿಹಾರದ ಅರ್ಜಿಗೆ ತಕರಾರು ಎತ್ತಬಹುದು. ಕೆಂಪು ಪೋಲೋ ಅವರೇ, ಏನೇ ಹಾಕಿಸಿದರೂ ವಿಮಾ ಕಂಪನಿಗೆ ಮೊದಲೇ ಬರೆದು ಕೇಳಿ, ಉತ್ತರವನ್ನು ಬರಹದಲ್ಲಿಯೇ ಪಡೆದಿಟ್ಟುಕೊಳ್ಳಿ.

ಸ್ಟುಟ್‌ಗಾರ್ಟ್ ಕನ್ನಡಿಗ

ಇಲ್ಲಿ ಜರ್ಮನಿಯಲ್ಲಿ ಇದಕ್ಕೊಂದು ಸ್ಪಷ್ಟ ದಾರಿ ಇದೆ. ಒಳ್ಳೆಯ ತಯಾರಕರು ಸ್ಪ್ರಿಂಗ್ ಅಥವಾ ಕಾಯಿಲೋವರ್ ಜೊತೆಗೆ ಪರೀಕ್ಷಾ ವರದಿ ಕೊಡುತ್ತಾರೆ. ಯಾವ ಕಾರಿಗೆ, ಆಕ್ಸಲ್ ಮೇಲೆ ಎಷ್ಟು ಭಾರದವರೆಗೆ, ಕಾಯಿಲೋವರ್ ಆದರೆ ಎಷ್ಟು ಎತ್ತರದಿಂದ ಎಷ್ಟು ಎತ್ತರದವರೆಗೆ ಎಂದು ಅದರಲ್ಲಿ ಇರುತ್ತದೆ. ಅಳವಡಿಸಿದ ಮೇಲೆ ಟ್ಯೂಫ್ ಅಥವಾ ಡೆಕ್ರಾ ತಪಾಸಕರ ಬಳಿ ಹೋಗಬೇಕು. ಒಂದು ಚಕ್ರವನ್ನು ಎತ್ತರದ ದಿಮ್ಮಿಯ ಮೇಲೆ ಹತ್ತಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ, ಟೈರ್ ಎಲ್ಲಿಯೂ ತಾಗುವುದಿಲ್ಲ ಎಂದು ನೋಡುತ್ತಾರೆ. ಅವರು ಒಪ್ಪಿದ ಮೇಲೆ ಮಾರ್ಪಾಡು ಕಾನೂನುಬದ್ಧ. ಭಾರತದಲ್ಲೂ ಹೀಗೊಂದು ವ್ಯವಸ್ಥೆ ಬಂದರೆ ಸ್ಪ್ರಿಂಗ್ ಕತ್ತರಿಸುವವರಿಗೂ ಸರಿಯಾಗಿ ಮಾಡಿಸುವವರಿಗೂ ನಡುವೆ ಗೆರೆ ಎಳೆಯಬಹುದು. ಇದು ನನ್ನ ಬಹುದಿನದ ಆಸೆ.

ಆ ಪರೀಕ್ಷೆಯನ್ನು ನೀವು ಗ್ಯಾರೇಜಿನಲ್ಲೇ ಮಾಡಿಸಬಹುದು. ಹಿಂದೆ ಮೂವರನ್ನು ಕೂರಿಸಿ, ಡಿಕ್ಕಿಯಲ್ಲಿ ಸಾಮಾನು ಇಟ್ಟು, ಎಡ ಮುಂಚಕ್ರ ಮತ್ತು ಬಲ ಹಿಂಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸಿ ನೋಡಿ. ಆಮೇಲೆ ಇನ್ನೊಂದು ಕರ್ಣಕ್ಕೂ ಅದೇ.

ಕೆಂಪು ಪೋಲೋ, ಬನಶಂಕರಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದ. ಎರಡು ಅನುಮಾನ. ಕಾಯಿಲೋವರ್‌ನಲ್ಲಿ ರಿಂಗ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಡಸಾಗುತ್ತದೆಯೇ? ಮತ್ತೆ ಕಾಯಿಲೋವರ್ ಬೇಡವೆಂದರೆ ನಡುವಿನ ದಾರಿ ಏನು?

ಜೆ.ಸಿ. ರಸ್ತೆ

ಗಡಸಾಗುವುದಿಲ್ಲ. ರಿಂಗ್ ಏರಿಸಿದರೆ ಕಾರು ಏರುತ್ತದೆ, ಅಷ್ಟೇ. ಅದೇ ಭಾರಕ್ಕೆ ಸ್ಪ್ರಿಂಗ್ ಅಷ್ಟೇ ಕುಗ್ಗುತ್ತದೆ. ಕೆಳಗಿನ ಬ್ರಾಕೆಟ್ ಅನ್ನೇ ತಿರುಗಿಸಿ ಎತ್ತರ ಬದಲಿಸುವ ಸೆಟ್‌ಗಳೂ ಇವೆ, ಅವುಗಳಲ್ಲಿ ಶಾಕ್‌ನ ಒಳಗಿನ ಚಲನೆಗೆ ಧಕ್ಕೆಯಾಗುವುದಿಲ್ಲ. ಪೋಲೋದ ಹಿಂಭಾಗದಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ ಕೂರುತ್ತವೆ ಎಂಬುದೂ ನೆನಪಿರಲಿ. ಕಾಯಿಲೋವರ್ ಸೆಟ್ ಕೊಂಡರೂ ಹಿಂದೆ ಬರುವುದು ಪ್ರತ್ಯೇಕ ಸ್ಪ್ರಿಂಗ್, ಅದರ ಎತ್ತರ ಬದಲಿಸುವ ತುಂಡು ಮತ್ತು ಪ್ರತ್ಯೇಕ ಶಾಕ್.

ನಡುವಿನ ದಾರಿ ಬಿಲ್‌ಸ್ಟೈನ್ ಬಿ8 ಥರದ ಗಿಡ್ಡ ಶಾಕ್‌ಗಳು. ಲೋವರಿಂಗ್ ಸ್ಪ್ರಿಂಗ್‌ಗಾಗಿಯೇ ಮಾಡಿದವು. ಅವನ್ನು ಐಬಾಕ್ ಸ್ಪ್ರಿಂಗ್ ಜೊತೆ ಸೇರಿಸಿ ಬಿ12 ಎಂಬ ಹೆಸರಿನಲ್ಲಿ ಸೆಟ್ಟಾಗಿಯೂ ಮಾರುತ್ತಾರೆ. ಬಿ6 ಮಾತ್ರ ಕೊಳ್ಳಬೇಡಿ, ಅದು ಮೂಲ ಉದ್ದದ್ದು, ಎತ್ತರ ಹಾಗೆಯೇ ಇಟ್ಟುಕೊಳ್ಳುವವರಿಗೆ.

ಧೂಳು ಮತ್ತು ಕಾಫಿ, ಚಿಕ್ಕಮಗಳೂರು

ನಾನು ಹೇಳಿದ್ದು ಆ ಬಿ6 ಥರದ್ದನ್ನೇ! ಮೂಲ ಸ್ಪ್ರಿಂಗ್, ಬಿ6, ಹೊಸ ಟೈರ್. ಹಿಂದಿನ ಸೀಟಿನವರೂ ನಿದ್ದೆ ಮಾಡುತ್ತಾರೆ.

ಕೆಂಪು ಪೋಲೋ, ಬನಶಂಕರಿ

ಕಾಯಿಲೋವರ್ ಕೈಬಿಟ್ಟೆ. ಎತ್ತರ ಬದಲಿಸುತ್ತಾ ಕೂರುವವನು ನಾನಲ್ಲ, ಕರಾವಳಿಯ ತುಕ್ಕಿನ ಮಾತೂ ಮನಸ್ಸಿಗೆ ನಾಟಿತು. ಸಕಲೇಶಪುರದ ಅಣ್ಣನ ಕಾರಿನಂತೆ ಇಳಿತ 25ರೊಳಗೆ ಇರುವ ಸ್ಪ್ರಿಂಗ್ ಮತ್ತು ಗಿಡ್ಡ ಶಾಕ್, ಅದು ಸಿಗದಿದ್ದರೆ ಮೂಲ ಎತ್ತರದಲ್ಲೇ ಬಿ6. ವಿಮಾ ಕಂಪನಿಗೆ ಇವತ್ತೇ ಪತ್ರ ಬರೆಯುತ್ತೇನೆ. ಗ್ಯಾರೇಜಿನವರಿಗೆ ವಿಶೇಷವಾಗಿ ಏನಾದರೂ ಹೇಳಬೇಕೇ?

ಶಿರಾಡಿ ತಿರುವು, ಸಕಲೇಶಪುರ

ಖಂಡಿತ. ಕೆಳಗಿನ ಆರ್ಮ್ ಮತ್ತು ಹಿಂದಿನ ಬೀಮ್‌ನ (ಎರಡು ಹಿಂಚಕ್ರಗಳನ್ನು ಜೋಡಿಸುವ ತೊಲೆ) ರಬ್ಬರ್ ಬುಷ್ ಬೋಲ್ಟ್‌ಗಳನ್ನು ಸಡಿಲಿಸಿದರೆ, ಕೊನೆಯ ಬಿಗಿತ ಕಾರು ತನ್ನ ಚಕ್ರಗಳ ಮೇಲೆ ನಿಂತ ಎತ್ತರದಲ್ಲೇ ಆಗಬೇಕು. ಲಿಫ್ಟ್‌ನಲ್ಲಿ ಚಕ್ರ ಜೋತುಬಿದ್ದಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಮುಂದಿನ ಚಕ್ರಗಳ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಬದಲಾಗುತ್ತದೆ, ಅಲೈನ್‌ಮೆಂಟ್ ಮಾಡಿಸಿ. ಸ್ಪ್ರಿಂಗ್ ಸ್ವಲ್ಪ ಕೂತ ಮೇಲೆ, ಕೆಲವು ನೂರು ಕಿ.ಮೀ. ಓಡಿಸಿ ಮತ್ತೊಮ್ಮೆ ಮಾಡಿಸಿ. ಹಿಂದಿನ ಬೀಮ್‌ನಲ್ಲಿ ಹೊಂದಿಸಲು ಏನೂ ಇಲ್ಲ. ಯಾರಾದರೂ ಅದಕ್ಕೂ ಹಣ ಕೇಳಿದರೆ ಕೊಡಬೇಡಿ.

ಸ್ಟುಟ್‌ಗಾರ್ಟ್ ಕನ್ನಡಿಗ

ಹೆಡ್‌ಲೈಟ್ ಮಟ್ಟವನ್ನೂ ನೋಡಿಸಿ. ಮುಂದೆ ಮತ್ತು ಹಿಂದೆ ಇಳಿತ ಬೇರೆ ಬೇರೆ ಇದ್ದರೆ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ ಅಥವಾ ನಿಮಗೇ ರಸ್ತೆ ಕಾಣುವುದಿಲ್ಲ.

ಹುಬ್ಬಳ್ಳಿ ಎಕ್ಸ್‌ಪ್ರೆಸ್

ಯಾವ ಟೈರ್ ಹಾಕಿಸುತ್ತೀರಿ? 195/55 ಆರ್16ರಲ್ಲೇ ಇರುತ್ತೀರೋ, 205ಕ್ಕೆ ಹೋಗುತ್ತೀರೋ?

ಜೆ.ಸಿ. ರಸ್ತೆ

ಇಳಿಸಿದ ಕಾರಿಗೆ 205 ಬೇಡ, ಭಾರ ಹೇರಿದಾಗ ಒಳಗಿನ ಲೈನರ್‌ಗೆ ಉಜ್ಜುವ ಸಾಧ್ಯತೆ ಇದೆ. ಟೈರಿನ ವಿಷಯಕ್ಕೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿ ವಿವರವಾಗಿ ಬರೆಯುತ್ತೇನೆ.